ಮೊದಲ ತುತ್ತು

ಸಾಕುನಾಯಿ ಬೊಳ್ಳು ರಂಬುಟಾನ್ ಹಣ್ಣಿನ ಬೀಜ ನುಂಗಿದ್ದನ್ನು ಭುಜಬಲಿ ಕಣ್ಣಾರೆ ಕಂಡಿದ್ದರು. ಮಧ್ಯಾಹ್ನದ ಹೊತ್ತಿಗೆ ವಾಂತಿ ಶುರುವಾಯಿತು, ಬೀಜ ಮಾತ್ರ ಹೊರಬರಲಿಲ್ಲ. ಮುದಿ ನಾಯಿಯನ್ನು ರಿಕ್ಷಾದಲ್ಲಿ ಮಲಗಿಸಿಕೊಂಡು, ಮೂಡುಬಿದಿರೆ ಪೇಟೆಯಾಚೆ ಹೊಸದಾಗಿ ತೆರೆದಿದ್ದ ಪ್ರಾಣಿಗಳ ತುರ್ತು ಚಿಕಿತ್ಸಾಲಯಕ್ಕೆ ಬಂದರು. ಹೊರಡುವಾಗ ಹೆಂಡತಿ ಅನಂತಮತಿ ಹಾಲನ್ನದ ಡಬ್ಬಿ ಕೈಗಿತ್ತು, ಹೊತ್ತು ಮುಳುಗುವ ಮೊದಲೇ ಕೊಡಿ ಎಂದು ನೆನಪಿಸಿದ್ದರು.

ತುರ್ತು ಎಂಬುದು ಬೋರ್ಡಿನಲ್ಲಿ ಮಾತ್ರ ಇತ್ತು. ಕೌಂಟರಿನಲ್ಲಿದ್ದ ಕಾಂತಿ ಎಂಬ ಹುಡುಗಿ ನಾಯಿಯ ಜಾತಿ ಕೇಳಿದಳು. ಊರ ನಾಯಿ ಎಂದದ್ದಕ್ಕೆ, ಕಂಪ್ಯೂಟರಿನಲ್ಲಿ ಹಾಗೊಂದು ಜಾತಿಯೇ ಇಲ್ಲವೆಂದು ಬಹಳ ಹೊತ್ತು ಹುಡುಕಾಡಿದಳು. ಡಾಕ್ಟರು ಈಗ ಬರುತ್ತಾರೆ, ಹೊರಟಿದ್ದಾರೆ, ದಾರಿಯಲ್ಲಿದ್ದಾರೆ. ಸ್ಕ್ಯಾನ್ ಮಾಡುವವರು ರಜೆ. ಗಿಳಿಯೊಂದನ್ನು ತಂದಿದ್ದವರು ಕಾದು ಕಾದು ಬೈದುಕೊಂಡು ಹೋದರು. ಭುಜಬಲಿಗೆ ಬೈಯಲು ಬರುವುದಿಲ್ಲ. ಜವಳಿ ಅಂಗಡಿಯಲ್ಲಿ ಗಿರಾಕಿಗಳೆದುರು ಜೀವಮಾನವಿಡೀ ನಕ್ಕ ಬಾಯಿ ಅದು.

ಬಿಸಿಲು ಗಾಜಿನ ಬಾಗಿಲು ಬಿಟ್ಟು ಇಳಿಯತೊಡಗಿದಾಗ ಅವರು ಎದ್ದು ಕೌಂಟರಿಗೆ ಹೋದರು.

"ಸ್ವಲ್ಪ ಹಾಲನ್ನ ಕೊಡ್ತೇನೆ ಮಗಾ. ಕತ್ತಲೆ ಆದ ಮೇಲೆ ಇವನು ತಿನ್ನುವುದಿಲ್ಲ."

"ಡಾಕ್ಟರ್ ನೋಡದೆ ಏನೂ ಕೊಡ್ಲಿಕ್ಕಿಲ್ಲ ಸಾರ್."

ಸೂರ್ಯ ಡಾಕ್ಟರಿಗಾಗಿ ಕಾಯಲಿಲ್ಲ.

ಭುಜಬಲಿಯವರದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಅಲ್ಲಿ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಭುಜಬಲಿಯಂತೂ ಜ್ವರದ ಮಾತ್ರೆಯನ್ನೂ ಬೆಳಕಿರುವಾಗಲೇ ನುಂಗಿದವರು. ಬೊಳ್ಳು ಮರಿಯಾಗಿದ್ದಾಗಿನಿಂದ ಅಡುಗೆಮನೆಯ ಹೊಸ್ತಿಲಾಚೆ ಕೂತು, ಯಜಮಾನರು ಮೊದಲ ತುತ್ತು ಬಾಯಿಗಿಟ್ಟ ಮೇಲೆಯೇ ತನ್ನ ತಟ್ಟೆಗೆ ಬಾಯಿ ಹಾಕುವುದು. ಅದನ್ನು ಯಾರೂ ಕಲಿಸಿದ್ದಲ್ಲ.

ದೀಪ ಹಾಕಿದ ಮೇಲೆ ಡಾಕ್ಟರು ಬಂದರು. ಹೊಟ್ಟೆ ಒತ್ತಿ ನೋಡಿ ಇಂಜೆಕ್ಷನ್ ಚುಚ್ಚಿದರು. ಸ್ವಲ್ಪ ಹೊತ್ತು ಬಿಟ್ಟು ನಾಯಿ ತಾನಾಗಿ ತಿಂದರೆ ಭಯವಿಲ್ಲ, ತಿನ್ನದಿದ್ದರೆ ಬೀಜ ಕರುಳಲ್ಲಿ ಸಿಕ್ಕಿಕೊಂಡಿದೆ, ಈಗಲೇ ಹೊಟ್ಟೆ ಕೊಯ್ಯಬೇಕು ಎಂದರು. ಈ ವಯಸ್ಸಿನಲ್ಲಿ ಮೇಜಿನಿಂದ ಎದ್ದೇಳುತ್ತದೆಂಬ ಭರವಸೆ ಇಲ್ಲವೆಂದೂ ಅದೇ ಉಸಿರಿನಲ್ಲಿ ಹೇಳಿದರು. ಆಮೇಲೆ ಚಿಕಿತ್ಸಾಲಯದ ಮಾಂಸದ ತಿನಿಸನ್ನು ಮುಂದಿಟ್ಟರೆ ಬೊಳ್ಳು ಮುಖ ತಿರುಗಿಸಿತು. ಮನೆಯ ಹಾಲನ್ನಕ್ಕೂ ಮುಖ ತಿರುಗಿಸಿತು. ಕಾಂತಿ ಒಪ್ಪಿಗೆ ಪತ್ರ ತಂದಳು. ಭುಜಬಲಿ ಮನೆಯ ಪದ್ಧತಿಯನ್ನು ಡಾಕ್ಟರಿಗೆ ವಿವರಿಸಲು ಹೋದರು.

"ನಾಯಿಗೆ ಎಂಥ ವ್ರತ ಸಾರ್?" ಎಂದರು ಡಾಕ್ಟರು. "ಹಸಿವಾದ್ರೆ ತಿಂತದೆ. ಸಹಿ ಹಾಕಿ. ತಡ ಆದ್ರೆ ಮತ್ತೆ ನಮ್ಮನ್ನು ಕೇಳ್ಬೇಡಿ."

ಭುಜಬಲಿಗೆ ಹೆದರಿಕೆಯಾಯಿತು. ಡಾಕ್ಟರ ಮಾತು ನಿಜವಾದರೆ ತಡ ಮಾಡುವುದೇ ಕೊಲ್ಲುತ್ತದೆ, ಸುಳ್ಳಾದರೆ ಕತ್ತಿ ಕೊಲ್ಲುತ್ತದೆ. ಪೆನ್ನು ಹಿಡಿದು ಕೆಳಗೆ ನೋಡಿದರು. ಬೊಳ್ಳು ಅವರ ಮುಖವನ್ನೇ ನೋಡುತ್ತಿತ್ತು, ದಿನವೂ ಹೊಸ್ತಿಲಾಚೆಯಿಂದ ನೋಡುವ ಹಾಗೆಯೇ.

ಅವರು ಪೆನ್ನು ಕೆಳಗಿಟ್ಟು ನೆಲದ ಮೇಲೆ ಕೂತರು. ಹಾಲನ್ನದ ಡಬ್ಬಿಯಿಂದ ಒಂದು ತುತ್ತು ತೆಗೆದರು. ಕೈ ಬಾಯಿಯ ಹತ್ತಿರ ಬಂದು ಒಮ್ಮೆ ನಿಂತಿತು. ಆಮೇಲೆ ಬಾಯಿಗಿಟ್ಟು ಅಗಿದರು. ಅನ್ನಕ್ಕೆ ಸ್ವಲ್ಪ ಹುಳಿ ಬಂದಿತ್ತು.

ಬೊಳ್ಳು ಡಬ್ಬಿಗೆ ಬಾಯಿ ಹಾಕಿತು. ತಳ ನೆಕ್ಕುವ ಸದ್ದು ಕೇಳುವವರೆಗೂ ಭುಜಬಲಿ ಅಲ್ಲಿಂದ ಏಳಲಿಲ್ಲ. ಅವರ ಕಣ್ಣು ತುಂಬಿತ್ತು. ನಾಯಿ ಉಳಿಯಿತೆಂಬ ಸಂತೋಷಕ್ಕೋ, ಇಷ್ಟು ವರ್ಷ ಕಾಪಾಡಿಕೊಂಡು ಬಂದದ್ದು ಹೋಯಿತೆಂಬ ಸಂಕಟಕ್ಕೋ ಅವರಿಗೇ ತಿಳಿಯಲಿಲ್ಲ.

ನಮ್ಮ ಇಂಜೆಕ್ಷನ್ ಹಿಡಿಯಿತು, ವಾಂತಿ ಆಗದಿದ್ದರೆ ಇನ್ನು ಮನೆಗೆ ಹೋಗಬಹುದು ಎಂದು ಹೇಳಿ ಡಾಕ್ಟರು ಒಳಕೋಣೆಗೆ ನಡೆದರು. ಕಾಂತಿ ಸಹಿಯಾಗದ ಕಾಗದವನ್ನು ಎತ್ತಿಕೊಂಡು, ಗೋಡೆಯ ಕಡೆ ಬೆರಳು ತೋರಿಸಿದಳು.

"ಬೋರ್ಡ್ ಉಂಟಲ್ಲ ಸಾರ್. ಇಲ್ಲಿ ಒಳಗೆ ಕೂತು ತಿನ್ಲಿಕ್ಕಿಲ್ಲ."