ಮೊದಲ ಸ್ಥಾನದ ಹಾಡು

ಎರಡನೇ ಚರಣದಲ್ಲಿ ತಾನು ಉಸಿರೆಳೆದುಕೊಂಡ ರೀತಿ ಯಾರಿಗಾದರೂ ಗುರುತು ಸಿಕ್ಕಿಬಿಟ್ಟರೆ? ಮೂರು ವಾರದಿಂದ ಮೇದಿನಿಗೆ ಇದೇ ಚಿಂತೆ. ಹೆಸರಾಂತ ಗಾಯಕಿ ನಿಹಾರಾ ಬಂದು ಹಾಡುವವರೆಗೆ ಇರಲಿ ಎಂದು ಮೇದಿನಿಯಿಂದ ಟ್ರ್ಯಾಕ್ ಹಾಡಿಸಿದ್ದರು. ನಿಹಾರಾ ಬರಲೇ ಇಲ್ಲ. ಸಂಗೀತ ನಿರ್ದೇಶಕರು ಕಂಪ್ಯೂಟರಿನಲ್ಲಿ ದನಿ ತಿದ್ದಿ, ಅದನ್ನೇ ನಿಹಾರಾ ಹೆಸರಲ್ಲಿ ಬಿಡುಗಡೆ ಮಾಡಿಬಿಟ್ಟರು. ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಅದು ಮೊದಲ ವಾರ ಹನ್ನೊಂದನೇ ಸ್ಥಾನದಲ್ಲಿತ್ತು, ಆಮೇಲೆ ನಾಲ್ಕಕ್ಕೆ ಬಂತು, ಇವತ್ತು ಒಂದಕ್ಕೆ.

"ಬಾಯಿ ಬಿಟ್ಟೀಯ, ಜೋಕೆ," ಅಂದಿದ್ದರು ನಿರ್ದೇಶಕರು. "ಎಲ್ಲೋ ಊರು ಸುತ್ತೋಕೆ ಹೋಗಿರ್ತಾಳೆ, ಬರ್ತಾಳೆ."

ಮಧ್ಯಾಹ್ನ ನಿಹಾರಾಳ ತಾಯಿ ಪೇಡೆಯ ಡಬ್ಬಿ ಹಿಡಿದು ಸ್ಟುಡಿಯೋಗೆ ಬಂದರು.

"ತಗೋಮ್ಮ, ಮಗಳ ಹಾಡು ಗೆದ್ದಿದೆ. ಒಂದು ತಿಂಗಳಿಂದ ನನ್ನ ಫೋನ್ ಎತ್ತಿಲ್ಲ ಕಣೇ ಅವಳು. 'ನಿಮ್ಮ ಮೇಲೆ ಮುನಿಸು, ಮನೆಗೆ ಬರಬೇಡಿ' ಅಂತಾನೆ ಅಳಿಯ. ಹೆದರಿ ಪೊಲೀಸ್ ಸ್ಟೇಷನ್ನಿಗೆ ಹೊರಟಿದ್ದೆ. ಅವತ್ತೇ ಈ ಹಾಡು ಬಂತು ನೋಡು. ದನಿ ಒಂಚೂರು ಬೇರೆ ಅನ್ನಿಸ್ತು, ನೆಗಡಿ ಇದ್ದೀತು. ಹಾಡ್ತಿದ್ದಾಳೆ ಅಂದ್ರೆ ಚೆನ್ನಾಗಿದ್ದಾಳೆ ಅಂತ ಅರ್ಧ ದಾರಿಯಿಂದ ವಾಪಸ್ ಬಂದುಬಿಟ್ಟೆ."

ಮೇದಿನಿ ಪೇಡೆಗೆ ಕೈ ಚಾಚಲಿಲ್ಲ.

"ಅಮ್ಮಾ, ಆ ಹಾಡು ಹಾಡಿದ್ದು ನಾನು."