ಹಳದಿ ಅರಳೆ

ಕುಬೇರಪ್ಪ ಒಂದು ಹಿಡಿ ಅರಳೆಯನ್ನು ಹಿಂಜಿ ನೋಡಿ ಮತ್ತೆ ಬಂಡಿಯೊಳಕ್ಕೆ ಎಸೆದ.

"ಹಳದಿ ಹತ್ತೇತಿ. ನನಗ ಬ್ಯಾಡ."

"ಏನ್ರಿ ಸಾವ್ಕಾರ್ರ! ಮೊನ್ನಿ ಬಿಡಿಸಿದ್ದರಿ. ಹಾಲಿನ್ಹಂಗ ಐತ್ರಿ," ಎಂದ ಶಿರಗುಪ್ಪಿಯ ರೈತ ಗುಡ್ಡಪ್ಪ. ಕುಬೇರಪ್ಪ ತಿರುಗಿ ನೋಡಲಿಲ್ಲ. ಹುಬ್ಬಳ್ಳಿಯ ಅರಳೆಪೇಟೆಯಲ್ಲಿ ಮೂವತ್ತು ವರ್ಷದಿಂದ ಅವನ ಕಣ್ಣೇ ಕೋರ್ಟು, ಅಪೀಲು ಇರಲಿಲ್ಲ. ಗುಡ್ಡಪ್ಪ ಪಕ್ಕದ ಅಂಗಡಿಗೆ ಸಿಕ್ಕಷ್ಟಕ್ಕೆ ಕೊಟ್ಟು ಊರ ದಾರಿ ಹಿಡಿದ.

ಮಧ್ಯಾಹ್ನ ಊಟಕ್ಕೆ ಕೂತ ಕುಬೇರಪ್ಪ ಹೆಂಡತಿ ಗೌರಕ್ಕನ ಮೇಲೆ ಹರಿಹಾಯ್ದ. "ಮಸರನ್ನಕ್ಕ ಯಾರರ ಅರಿಷಿಣ ಹಾಕ್ತಾರನ?" ಅನ್ನ ಬೆಳ್ಳಗೇ ಇತ್ತು. ಒಂದು ತುತ್ತು ತಿಂದವನೇ ವಾಂತಿ ಮಾಡಿಕೊಂಡ. ಗೌರಕ್ಕ ಗಾಬರಿಯಾಗಿ ಟಾಂಗಾ ತರಿಸಿ ಡಾಕ್ಟರ್ ತ್ರ್ಯಂಬಕರಾಯರ ದವಾಖಾನೆಗೆ ಕರೆದೊಯ್ದಳು.

ಎರಡು ತಿಂಗಳ ಹಿಂದೆ, ಎದೆಬಡಿತ ಅಂಕೆ ತಪ್ಪಿ ಓಡುತ್ತ, ಕಾಲು ಬಾತು, ಉಸಿರಿಗೆ ಒದ್ದಾಡುತ್ತಿದ್ದ ಕುಬೇರಪ್ಪನಿಗೆ ಡಿಜಿಟಾಲಿಸ್ ಹನಿ ಕೊಟ್ಟು ಉಳಿಸಿದವರು ಅವರೇ. ಈಗ ನಾಡಿ ಹಿಡಿದು ಗಡಿಯಾರ ನೋಡಿದರು. ನಿಮಿಷಕ್ಕೆ ಬರೀ ನಲವತ್ತು.

"ಎಷ್ಟ ಹನಿ ತಗೋತೀರಿ?"

"ನೀವು ಹೇಳಿದ್ಹಂಗ ಹತ್ತರಿ. ನಾನ ಎಣಿಸಿ ಕೊಡ್ತೇನಿ," ಎಂದಳು ಗೌರಕ್ಕ.

ಕುಬೇರಪ್ಪ ತಲೆ ತಗ್ಗಿಸಿದ. "ಅಂಗಡ್ಯಾಗ ಇನ್ನೊಂದ ಬಾಟ್ಲಿ ಇಟ್ಕೊಂಡೇನ್ರಿ. ಹತ್ತಕ್ಕ ಇಷ್ಟ ಆರಾಮ ಆದ್ರ ಇಪ್ಪತ್ತಕ್ಕ ಎಷ್ಟಾದೀತು ಅಂತ..."

ಗೌರಕ್ಕ ಹಣೆ ಹಣೆ ಬಡಿದುಕೊಂಡಳು.

"ಇದು ಔಷಧ ಅದರೀ, ವ್ಯಾಪಾರ ಅಲ್ಲ!" ಡಾಕ್ಟರರಿಗೆ ಸಿಟ್ಟು ತಡೆಯಲಾಗಲಿಲ್ಲ. "ಇನ್ನೆರಡ ದಿನ ತಗೊಂಡಿದ್ರ ಎದೀನ ನಿಂತ ಹೋಗ್ತಿತ್ತು. ವಾಂತಿ ಆಗೂದು, ಕಣ್ಣಿಗೆ ಎಲ್ಲಾ ಹಳದಿ ಕಾಣೂದು, ಎಲ್ಲಾ ಅದರಿಂದನ. ಒಂದ ವಾರ ಪೂರಾ ಬಂದ್ ಮಾಡ್ರಿ."

"ಅಯ್ಯ ಶಿವನ! ಹಂಗಾದ್ರ ಗುಡ್ಡಪ್ಪನ ಅರಳಿ?"

ಡಾಕ್ಟರರಿಗೆ ಗುಡ್ಡಪ್ಪ ಯಾರೆಂದು ಗೊತ್ತಿರಲಿಲ್ಲ.

ವಾರವಿಡೀ ನಾಚಿಕೆ ಕುಬೇರಪ್ಪನನ್ನು ಮಲಗಗೊಡಲಿಲ್ಲ. ಅಂಗಳದಲ್ಲಿ ಒಣಹಾಕಿದ ಧೋತರ ಬೆಳ್ಳಗೆ ಕಂಡ ದಿನವೇ, ಗೌರಕ್ಕ ಎಷ್ಟು ಬೇಡವೆಂದರೂ ಕೇಳದೆ, ಶಿರಗುಪ್ಪಿಗೆ ಹೋದ.

"ತಪ್ಪಾತು ಗುಡ್ಡಪ್ಪ. ನಿನ್ನ ಅರಳಿ ಬೆಳ್ಳಗನ ಇತ್ತು. ಔಷಧ ಹೆಚ್ಚಾಗಿ ನನ್ನ ಕಣ್ಣ ಕೆಟ್ಟಿತ್ತು. ನಿನಗಾದ ಲುಕ್ಸಾನ ನಾ ತುಂಬಿ ಕೊಡ್ತೇನಿ."

ಗುಡ್ಡಪ್ಪ ಗಡಬಡಿಸಿ ಕೈಮುಗಿದ.

"ಬಿಡ್ತು ಅನ್ರಿ ಸಾವ್ಕಾರ್ರ! ನಿಮ್ಮ ಕಣ್ಣ ಕೆಡೂದಂದ್ರೇನ್ರಿ? ಸರಿಯಾಗಿ ಒಣಗಸ್ಲಿಲ್ಲಂತ ಹೆಂಡ್ತಿಗೆ ಬೈದೇನ್ರಿ ನಾನು. ಆವತ್ತ ಪಕ್ಕದ ಅಂಗಡ್ಯಾಗ ಕೊಡೂ ಮುಂದ ನಾನೂ ಹಿಂಜಿ ನೋಡಿದ್ನಿರಿ. ನನಗೂ ಹಳದೀನ ಕಂಡ್ತು."