ಕಾಗದದ ಹಾರ

ಹೆಣ್ಣು ಕೇಳಲು ಬಂದ ಗ್ಲೆಬ್‌ನ ಕೈಯಲ್ಲಿ ಹೂವಿರಲಿಲ್ಲ. ಕೊರಳಲ್ಲಿ ಮಾತ್ರ, ಹುರಿಗೆ ಪೋಣಿಸಿದ ಟಾಯ್ಲೆಟ್ ಪೇಪರ್ ಸುರುಳಿಗಳ ದೊಡ್ಡ ಹಾರವಿತ್ತು.

"ಹೂವೆಲ್ಲೋ?" ಬಾಗಿಲು ತೆರೆದ ಜೀನಾ ಪಿಸುಗುಟ್ಟಿದಳು. "ತಡ ಬೇರೆ. ಅಮ್ಮ ಒಳಗೆ ಕುದೀತಾ ಇದ್ದಾಳೆ."

"ತಿಂಗಳುಗಟ್ಟಲೆ ಊರಲ್ಲೆಲ್ಲೂ ಸಿಗದ ಮಾಲು ಕಣೇ, ಅಂಗಡಿ ಮುಂದೆ ಸಾಲಿತ್ತು. ಇನ್ನೇನು ಮುಗಿದೇ ಹೋಗುತ್ತೆ ಅಂದ್ರು. ಒಬ್ಬ ಅಜ್ಜಿಗೆ ಹೂವು ಕೊಟ್ಟೆ, ತನ್ನ ಮುಂದೆ ಬಿಟ್ಕೊಂಡ್ಳು."

"ಅಜ್ಜಿಗೆ ಹೂವು, ನನಗೆ ಇದು!"

"ಬೈಬೇಡ. ಟ್ರಾಮ್ ಓಡಿಸ್ತಿದ್ದ ಹೆಂಗಸು ಗಾಡಿ ನಿಲ್ಲಿಸಿ, 'ತಮ್ಮಾ, ಎಲ್ಲಿ ಕೊಡ್ತಾ ಇದಾರೆ?' ಅಂದ್ಲು ಗೊತ್ತಾ!"

ಅಷ್ಟರಲ್ಲಿ ಹಜಾರದ ಬಾಗಿಲುಗಳೆಲ್ಲ ತೆರೆದುಕೊಂಡವು. ಐದು ಸಂಸಾರಗಳಿಗೆ ಅಲ್ಲಿ ಒಂದೇ ಅಡುಗೆಮನೆ, ಒಂದೇ ಪಾಯಿಖಾನೆ. "ಏನೇ ಫಾಯೀನಾ, ಅಳಿಯ ಭಾರೀ ಕುಳ!" ಎಂದಳು ಪಕ್ಕದ ಕೋಣೆಯ ನ್ಯೂರಾ. ಬೈಯಲೆಂದೇ ಹೊರಬಂದಿದ್ದ ಜೀನಾಳ ತಾಯಿ ಫಾಯೀನಾ ಲ್ವೋವ್ನಾ ಬಾಯಿ ಮುಚ್ಚಿಕೊಂಡಳು. ಹಾರವನ್ನು ತಾನೇ ಅವನ ಕೊರಳಿಂದ ತೆಗೆದು, ಕೋಣೆಯ ಬೀರುವಿನೊಳಗಿಟ್ಟು ಬೀಗ ಹಾಕಿದಳು.

"ಇದು ಅತಿಥಿಗಳಿಗೆ. ಜೀನಾ, ಮುಟ್ಟಿದ್ರೆ ನೋಡು!" ದಿನಬಳಕೆಗೆ ಹಳೆಯ ಪತ್ರಿಕೆಯ ತುಂಡುಗಳು ಬೀರುವಿನ ಪಕ್ಕದ ಗೋಡೆಯ ಮೊಳೆಯಲ್ಲಿ ಇದ್ದೇ ಇದ್ದವು.

ಚಹಾ ಬಂತು. ಗ್ಲೆಬ್ ಗಂಟಲು ಸರಿಮಾಡಿಕೊಂಡ. "ಫಾಯೀನಾ ಲ್ವೋವ್ನಾ, ನಿಮ್ಮ ಮಗಳನ್ನ ನಾನು..."

"ಚೆರ್ರಿ ಜಾಮ್ ಹಾಕ್ಕೊಳ್ಳಿ."

ಜೀನಾಳ ಮುಖ ಸಪ್ಪಗಾಯಿತು. ಹೋದ ವರ್ಷ ಗುಲಾಬಿ ಹಿಡಿದು ಬಂದಿದ್ದ ಇಂಜಿನಿಯರನನ್ನು ಅಮ್ಮ ಇದೇ ಜಾಮ್ ತಿನ್ನಿಸಿ ವಾಪಸು ಕಳಿಸಿದ್ದಳು. ಗ್ಲೆಬ್ ಮತ್ತೆ ಕೇಳಿದ. ಮತ್ತೆ ಜಾಮ್. ಮತ್ತೆ ಚಹಾ. ಕೊನೆಗೆ ಅವನು ಕಾಲು ಅತ್ತಿತ್ತ ಒತ್ತಿಕೊಳ್ಳುತ್ತ, "ಒಂದು ನಿಮಿಷ... ಪಾಯಿಖಾನೆ ಎಲ್ಲಿ?" ಎಂದ.

ಫಾಯೀನಾ ಲ್ವೋವ್ನಾ ಎದ್ದು ಬೀರುವಿನ ಬೀಗ ತೆಗೆದಳು. ಸುರುಳಿಯ ಮೇಲೆ ಕೈಯಿಟ್ಟಳು. ಒಮ್ಮೆ ಮಗಳನ್ನು ನೋಡಿದಳು, ಒಮ್ಮೆ ಅವನನ್ನು. ಮತ್ತೆ ಬೀಗ ಹಾಕಿ, ಮೊಳೆಯಿಂದ ಪತ್ರಿಕೆಯ ಒಂದು ತುಂಡು ಕಿತ್ತು ಅವನ ಮುಂದೆ ಹಿಡಿದಳು.

"ಅದು ಅತಿಥಿಗಳಿಗೆ ಅಂದ್ನಲ್ಲಪ್ಪಾ. ನೀನು ಇದರಲ್ಲೇ ಸುಧಾರಿಸ್ಕೋ."

ಗ್ಲೆಬ್ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಹೋಗಬೇಕಾದಲ್ಲಿಗೆ ಹೋಗುವುದನ್ನೇ ಮರೆತು ನಿಂತ.